ನೇವಿ ಗುರುಸಂಗಪ್ಪನ ಎರಡು ಸಾಕ್ಷಿ

ಹಡಗಲಿ ಎಂಬ ಹೆಸರಿನಲ್ಲಿ ಹಡಗಿದೆ, ಊರಿನಲ್ಲಿಲ್ಲ. ಸುತ್ತಲಿನ ತಾಲ್ಲೂಕುಗಳನ್ನೆಲ್ಲ ಜರಡಿ ಹಿಡಿದರೂ ಸಿಗುವುದು ತುಂಗಭದ್ರೆಯ ಹಿನ್ನೀರು, ಅದರ ಮೇಲೆ ನಾಲ್ಕು ಹರಿಗೋಲು. ಇಂಥ ನೆಲದಿಂದ ಹಗರಿಬೊಮ್ಮನಹಳ್ಳಿಯ ಗುರುಸಂಗಪ್ಪ ನೌಕಾಪಡೆಗೆ ಸೇರಿದಾಗ ಊರಿನವರಿಗೆ ಹೆಮ್ಮೆಗಿಂತ ನಗುವೇ ಮೊದಲು ಬಂತು. ನಮ್ಮ ಕಡೆ ಎಲ್ಲ ಮಾತಿನ ಬಾಲಕ್ಕೂ ಒಂದು ‘ರಿ’ ಹಚ್ಚುವುದು ರೂಢಿ. ಇವನು ನೌಕೆಗೂ ರಿ ಹಚ್ಚಿದ, ನೌಕರಿ ಆಯಿತು ಎಂದರು. ಅವನ ಅಪ್ಪ ಬೊಮ್ಮಯ್ಯ ಮಾರುಕಟ್ಟೆ ಯಾರ್ಡಿನಲ್ಲಿ ಶೇಂಗಾ ಚೀಲ ತೂಗುತ್ತಿದ್ದವನು. ಮಗನ ಕೈಗೂ ಮುಂದೆ ತಕ್ಕಡಿಯೇ ಬಂತು. ಅದರಲ್ಲಿ ಕೂತದ್ದು ಮಾತ್ರ ಶೇಂಗಾ ಅಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಅವನು ತರಬೇತಿಗೆ ಹೋದಾಗ ಅವನಿಗೆ ಬರುತ್ತಿದ್ದ ಹಿಂದಿ, ಶಾಲೆಯಲ್ಲಿ ಪಾಸಾಗಲು ಬೇಕಾದಷ್ಟೇ. ಮೊದಲ ಕವಾಯತಿನಲ್ಲಿ ‘ಸಾವಧಾನ್’ ಎಂದು ಕೂಗಿದರು. ಕನ್ನಡದಲ್ಲಿ ಸಾವಧಾನ ಎಂದರೆ ಅವಸರ ಬೇಡ ಎಂದಲ್ಲವೆ? ಉಳಿದವರೆಲ್ಲ ಕಂಬದಂತೆ ಸೆಟೆದು ನಿಂತರು; ಇವನು ಮರ್ಯಾದಸ್ಥ ಬೀಗರ ಹಾಗೆ ನಿಧಾನಕ್ಕೆ ಕಾಲು ಜೋಡಿಸಿದ. ಆ ನಿಧಾನಕ್ಕಾಗಿ ಮೈದಾನ ಸುತ್ತಿ ಓಡಬೇಕಾಯಿತು. ಊಟ ಹೇಗಿದೆ ಎಂದು ಒಬ್ಬ ಅಧಿಕಾರಿ ಕೇಳಿದಾಗ ‘ಭಾರಿ’ ಎಂದ. ನಮ್ಮಲ್ಲಿ ಭಾರಿ ಎಂದರೆ ಬಲು ಚೆಂದ, ಅವರಲ್ಲಿ ಭಾರ. ಹುಡುಗನ ಹೊಟ್ಟೆಗೆ ಭಾರವಾಗುತ್ತಿದೆ ಎಂದು ತಿಳಿದ ಆ ಪುಣ್ಯಾತ್ಮ ಪೂರಿಯ ಲೆಕ್ಕ ಇಳಿಸಿದ. ಅಲ್ಲಿಂದ ಗುರುಸಂಗಪ್ಪ ಒಂದು ಬುದ್ಧಿ ಕಲಿತ. ದೊಡ್ಡವರು ಏನೇ ಕೇಳಲಿ, ‘ಆರಾಮ್’ ಎಂದುಬಿಡಬೇಕು. ಅದು ಎರಡೂ ಭಾಷೆಯಲ್ಲಿರುವ ಪದ, ಕೇಳಿ ಯಾರೂ ಸಿಟ್ಟಾಗುವುದಿಲ್ಲ.

ಆದರೆ ಎರಡು ಭಾಷೆಯ ಆರಾಮ್ ಒಂದೇ ತಾಯಿಯ ಮಕ್ಕಳಾದರೂ ಒಂದೇ ಮನೆಯಲ್ಲಿ ಬೆಳೆದವಲ್ಲ. ಹಿಂದಿಯಲ್ಲಿ ಅದು ವಿಶ್ರಾಂತಿ. ನಮ್ಮಲ್ಲಿ ಕ್ಷೇಮ. ಅದೂ ಎಂಥ ಕ್ಷೇಮ! ನಮ್ಮ ಓಣಿಯ ಅನ್ನದಾನಮ್ಮಜ್ಜಿ ಆಸ್ಪತ್ರೆಯ ಮಂಚದ ಮೇಲೆ, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗಲೂ ನೋಡಲು ಬಂದವರಿಗೆ “ಆರಾಮ್ ಅದೀನಪ್ಪ, ನೀ ಆರಾಮೇನು?” ಎಂದಿದ್ದಳು. ಮೊದಲನೆಯ ಆರಾಮ್ ನಮ್ಮಲ್ಲಿ ಬಾಗಿಲು ತೆರೆಯುವ ಸದ್ದು, ಅಷ್ಟೆ. ಒಳಗೆ ಬಂದು ಕೂತು, ನೀರು ಕುಡಿದು, “ಮತ್ತ?” ಎಂದು ಕೇಳಬೇಕು. “ನಡದೈತಿ” ಎನ್ನುತ್ತಾರೆ. ಇನ್ನೊಮ್ಮೆ “ಮತ್ತ?” ಎಂದರೆ ಆಗ ಮೊಣಕಾಲು ನೋವು, ಮಗಳ ಮನೆಯ ಜಗಳ, ಬಿಟ್ಟುಹೋದ ನಿದ್ದೆ, ಎಲ್ಲ ಹೊರಗೆ ಬರುತ್ತದೆ. ‘ಆರಾಮ್ ಇಲ್ಲ’ ಎಂದು ಮಾತ್ರ ಸುಮ್ಮಸುಮ್ಮನೆ ಯಾರೂ ಅನ್ನುವುದಿಲ್ಲ. ಹಾಗೆ ಅಂದರೆ ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಗಾಡಿ ಹುಡುಕುತ್ತಾರೆ.

ಗುರುಸಂಗಪ್ಪನ ಕೆಲಸ ಹಡಗಿನ ಹೊಟ್ಟೆಯೊಳಗಿನ ಒಂದು ಕತ್ತಲೆ ಕೋಣೆಯಲ್ಲಿ, ರೇಡಾರ್ ಪರದೆಯ ಮುಂದೆ. ಪರದೆಯ ಮೇಲೆ ಹಸಿರು ಚುಕ್ಕಿಗಳು. ಯಾವ ಚುಕ್ಕಿ ಹಡಗು, ಯಾವುದು ಮೀನುದೋಣಿ, ಯಾವುದು ಬರೀ ಅಲೆ, ಯಾವುದು ಎತ್ತ ಹೊರಟಿದೆ ಎಂದು ತಲೆಯಲ್ಲಿ ಹಿಡಿದಿಟ್ಟುಕೊಂಡು ಬಾಯಲ್ಲಿ ಹೇಳುತ್ತಿರಬೇಕು. ಐದು ಚುಕ್ಕಿ ಇದ್ದರೆ ಆಟ, ಇಪ್ಪತ್ತಾದರೆ ಕಾಟ. ಎಂಟು ವರ್ಷ ಆ ಕಾಟದಲ್ಲಿ ಪಳಗಿದ ಮೇಲೆ ಅವನನ್ನು ಕಡಲ ದಂಡೆಯ ಒಂದು ತರಬೇತಿ ಶಾಲೆಗೆ ಬೋಧಕನನ್ನಾಗಿ ಹಾಕಿದರು. ಶಾಲೆಯ ಹೆಸರು ಬೇಡ. ಅಂಥವು ಇನ್ನೂ ಇರಬಹುದು.

ಅವನು ಒಳ್ಳೆಯ ಬೋಧಕ. ಸಂಜೆ ಚಹಾದ ಹೊತ್ತಿಗೆ ಹುಡುಗರ ನಡುವೆ ಕೂತು, ನಮ್ಮ ‘ಮತ್ತ?’ವನ್ನೇ ಹಿಂದಿಗೆ ತಿರುಗಿಸಿ “ಔರ್?” ಎನ್ನುತ್ತಿದ್ದ. ಪಂಜಾಬಿನವರು, ಬಿಹಾರದವರು, ಕೇರಳದವರು ಯಾರೇ ಆಗಲಿ, ಎರಡನೆಯ ‘ಔರ್’ಗೆ ಬಾಯಿ ಬಿಡುತ್ತಿದ್ದರು. ಯಾರಿಗೆ ಸಾಕಾಗಿದೆ, ಯಾರಿಗೆ ಇನ್ನೂ ಕಸುವಿದೆ ಎಂದು ನೋಡಿ ಮರುದಿನದ ಕೆಲಸ ಹಂಚುತ್ತಿದ್ದ. ಅದಕ್ಕೊಂದು ಹೆಸರಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಹೆಸರು ತೊಂಬತ್ತೆಂಟರಲ್ಲಿ ಬಂತು. ಹೊಸದಾಗಿ ಬಂದ ಕಮಾಂಡರ್ ಸಾಹೇಬರು ಎಲ್ಲೋ ಒಂದು ಕೋರ್ಸು ಮುಗಿಸಿ, ಹುಡುಗರ ‘ಮೆಂಟಲ್ ವರ್ಕ್‌ಲೋಡ್’ ಅಳೆಯಬೇಕು ಎಂದು ಹೊರಟರು. ಉದ್ದೇಶ ಕೆಟ್ಟದ್ದಲ್ಲ. ತಲೆಯ ಮೇಲಿನ ಭಾರ ಹೆಚ್ಚಾದವರಿಂದ ಕೆಲಸ ಇಳಿಸಿ, ಹಗುರವಾಗಿರುವವರ ಮೇಲೆ ಏರಿಸುವುದು. ವಾರಕ್ಕೊಮ್ಮೆ ಎಲ್ಲರಿಗೂ ಒಂದೇ ಪ್ರಶ್ನೆ, ತಲೆಗೆ ಕೆಲಸ ಎಷ್ಟು ಭಾರ ಎಂದು, ಒಂದೇ ಸಲ, ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಎರಡನೆಯ ಸಲ ಕೇಳಿದರೆ ಉತ್ತರ ಕೆಡುತ್ತದೆ, ಬೋಧಕರು ಹುಡುಗರ ಬಾಯಿಗೆ ಮಾತು ತುರುಕಿದಂತಾಗುತ್ತದೆ ಎಂದು ಸಾಹೇಬರು ಕಟ್ಟಪ್ಪಣೆ ಮಾಡಿದರು. ಅಲ್ಲಿಗೆ ‘ಔರ್’ ನಿಂತಿತು. ಗುರುಸಂಗಪ್ಪನಿಗೆ ಇದು ಹಿಡಿಸಲಿಲ್ಲ. ಆದರೆ ಅವನ ಬಡ್ತಿ ಆ ವರ್ಷವೇ ಮೇಜಿನ ಮೇಲೆ ಬರುವುದಿತ್ತು. ಬಡ್ತಿ ಬಯಸುವವನಿಗೆ ಮೇಲಿನವರ ತಪ್ಪು ಕಾಣುವುದಿಲ್ಲ. ಕತ್ತು ಅಷ್ಟು ಮೇಲೆ ಏಳುವುದಿಲ್ಲವಲ್ಲ.

ಅದೇ ತಂಡದಲ್ಲಿ ಹಡಗಲಿ ತಾಲ್ಲೂಕಿನ ಇಟ್ಟಿಗಿಯ ಹುಡುಗ ಕೊಟ್ರಸ್ವಾಮಿ ಬಂದ. ತಂದೆ ಇಲ್ಲ, ತಾಯಿ ಶಿವಬಸಮ್ಮ ಹೊಲ ನೋಡಿಕೊಂಡು ಓದಿಸಿದವಳು. ಚುರುಕು ಹುಡುಗ, ಚುಕ್ಕಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ಎಲ್ಲರೆದುರು ಗುರುಸಂಗಪ್ಪನಿಗೆ ‘ಸಾಬ್’ ಎನ್ನುತ್ತಿದ್ದ, ಮರೆಯಲ್ಲಿ ‘ಅಣ್ಣಾರ’. ವಾರದ ಪ್ರಶ್ನೆ ಬಂದಾಗ ಉಳಿದ ಹುಡುಗರು ಭಾರ ಎಂದೋ ಪರವಾಗಿಲ್ಲ ಎಂದೋ ಅಳೆದು ತೂಗಿ ಹೇಳಿದರು. ಇವನು ನಮ್ಮ ಊರಿನ ಮರ್ಯಾದೆಯಂತೆ “ಆರಾಮ್, ಸಾಬ್” ಎಂದ. ಸಾಹೇಬರು ಕೇಳಿಸಿಕೊಂಡದ್ದು: ಈ ಹುಡುಗ ವಿಶ್ರಾಂತಿಯಲ್ಲಿದ್ದಾನೆ. ಭಾರ ಎಂದವರ ಪಾಳಿ ಇಳಿಸಿ ಇವನ ತಲೆಗೆ ಹೊರಿಸಿದರು. ಮುಂದಿನ ವಾರವೂ ಆರಾಮ್, ಮತ್ತೊಂದು ಪಾಳಿ. ಎಳೆಯುವ ಎತ್ತಿಗೇ ಎಲ್ಲರ ಗಾಡಿ.

ತಿಂಗಳುಗಳು ಕಳೆದಂತೆ ಹುಡುಗ ಬದಲಾದ. ಊಟದ ತಟ್ಟೆಯಲ್ಲಿ ಚಪಾತಿಯ ಮೇಲಿನ ಕಪ್ಪು ಚುಕ್ಕಿಗಳನ್ನು ಬೆರಳಿಟ್ಟು ಎಣಿಸುತ್ತಿದ್ದ, ಯಾವ ದಿಕ್ಕಿಗೆ ಹೊರಟಿವೆ ಎಂದು ಗೊಣಗುತ್ತಿದ್ದ. ಜೊತೆಯವರು ನಕ್ಕರು. ಅವನ ಚಪಾತಿ ಯಾವ ದೇಶದ ಹಡಗು ಎಂದು ಕೇಳಿದರು. ಗುರುಸಂಗಪ್ಪನಿಗೆ ಇದು ಕಂಡಿತು. ಒಂದು ‘ಮತ್ತ?’ ಸಾಕಿತ್ತು. ಅಪ್ಪಣೆ ಇರಲಿಲ್ಲ ಎಂಬುದು ನಿಜ. ಊಟದ ಸಾಲಿನಲ್ಲೋ ಕಕ್ಕಸಿನ ಹಾದಿಯಲ್ಲೋ ಕೇಳಲು ಯಾವ ಅಪ್ಪಣೆ ಬೇಕು ಎಂಬುದೂ ನಿಜ.

ಕೊನೆಗೆ ಹುಡುಗನೇ ಬಂದ. ತರಬೇತಿಯ ಹಡಗು ಕಡಲಿಗೆ ಇಳಿದಿತ್ತು. ಮಧ್ಯಾಹ್ನದ ಊಟ ಮುಗಿದು, ರೇಡಾರ್ ಕೋಣೆಗೆ ಹೋಗುವ ಏಣಿಯ ಬಳಿ ಇಬ್ಬರೇ ಸಿಕ್ಕರು.

“ಆರಾಮ್ ಇಲ್ರಿ ಅಣ್ಣಾರ,” ಎಂದ. “ಕಣ್ಣ ಮುಚ್ಚಿದ್ರೂ ಚುಕ್ಕಿ ಓಡತಾವ, ತೆರದ್ರೂ ಓಡತಾವ. ಯಾವುದು ಖರೆ, ಯಾವುದು ಸುಳ್ಳು ತಿಳಿವಲ್ದು.”

ಊರಿನಲ್ಲಾಗಿದ್ದರೆ ಗುರುಸಂಗಪ್ಪ ಗಾಡಿ ಹುಡುಕುತ್ತಿದ್ದ. ಹಡಗಿನಲ್ಲಿ ಗಾಡಿ ಎಲ್ಲಿ? ನೇರ ಸಾಹೇಬರ ಬಳಿ ಹೋದ. ಅಷ್ಟು ಮಾಡಿದ ಎಂಬುದನ್ನು ಅವನ ಪರವಾಗಿ ಹೇಳಲೇಬೇಕು. ಸಾಹೇಬರು ಇನ್ನಿಬ್ಬರು ಅಧಿಕಾರಿಗಳೊಂದಿಗೆ ಹರಟೆಯಲ್ಲಿದ್ದರು. ಇವನು ಸೆಟೆದು ನಿಂತು, ಮನಸ್ಸಿನಲ್ಲಿದ್ದ ಕನ್ನಡವನ್ನು ಅವಸರದಲ್ಲಿ ಹಾಗೆಯೇ ಹಿಂದಿಗೆ ಸುರಿದ: “ಸಾಬ್, ಕೊಟ್ರಸ್ವಾಮಿ ಕೋ ಆರಾಮ್ ನಹೀ ಹೈ.”

ಕೊಟ್ರಸ್ವಾಮಿಗೆ ಮೈ ಸರಿಯಿಲ್ಲ ಎಂದು ಇವನು ಹೇಳಿದ್ದು. ಕೊಟ್ರಸ್ವಾಮಿಗೆ ವಿರಾಮವಿಲ್ಲ ಎಂದು ಅವರು ಕೇಳಿದ್ದು. ಸಾಹೇಬರು ನಕ್ಕು, ನನಗೂ ಇಲ್ಲ, ನಿನಗೂ ಇಲ್ಲ, ನೌಕಾಪಡೆಯಲ್ಲಿ ಆರಾಮ್ ಯಾರಿಗಪ್ಪಾ ಇದೆ ಎಂದರು. ಉಳಿದಿಬ್ಬರೂ ನಕ್ಕರು. ‘ಬೀಮಾರ್’ ಎಂಬ ಪದ ಗುರುಸಂಗಪ್ಪನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಹತ್ತು ವರ್ಷದ ಹಿಂದಿ ಅವನದು. ಹಿಂದಿಯಲ್ಲಿ ಬೈಯುತ್ತಿದ್ದ, ಹಿಂದಿಯಲ್ಲಿ ಕನಸು ಕಾಣುತ್ತಿದ್ದ. ಆದರೆ ಸಾಹೇಬರ ನಗೆ ಮುಗಿಯುವುದರೊಳಗೆ ತಾನೂ ನಕ್ಕುಬಿಟ್ಟಿದ್ದ. ಒಮ್ಮೆ ನಕ್ಕ ಮೇಲೆ ಅದೇ ಬಾಯಲ್ಲಿ ‘ಬೀಮಾರ್’ ಎಂದರೆ ಮೊದಲ ನಗು ಸುಳ್ಳಾಗುತ್ತದೆ. ಹೊರಗೆ ಬಂದು, ಇದೊಂದು ಪಾಳಿ ಮುಗಿಸು ಎಂದು ಹುಡುಗನನ್ನು ಒಳಗೆ ಕಳಿಸಿದ.

ಆ ಪಾಳಿಯಲ್ಲಿ ಕೊಟ್ರಸ್ವಾಮಿ ಒಂದು ಚುಕ್ಕಿಯನ್ನು ಸುಳ್ಳೆಂದು ಬಿಟ್ಟ. ಅದು ಖರೆ ಇತ್ತು. ಮೀನುದೋಣಿಯೊಂದರ ಬಲೆ ಹರಿದು ಹೋಯಿತು, ದೋಣಿಗೆ ಹಡಗು ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಯಾರೂ ಸಾಯಲಿಲ್ಲ. ಯಾರಾದರೂ ಸತ್ತಿದ್ದರೆ ವಿಚಾರಣೆ ಆಳಕ್ಕೆ ಇಳಿಯುತ್ತಿತ್ತೇನೋ; ಬಲೆ ಸತ್ತದ್ದಕ್ಕೆ ಅದು ಮೇಲೆಮೇಲೆಯೇ ತೇಲಿತು.

ವಿಚಾರಣೆಯಲ್ಲಿ ಕೇಳಬೇಕಾದದ್ದು ಒಂದೇ ಮಾತು. ಹುಡುಗನಿಗೆ ಕಾಯಿಲೆ ಇತ್ತೋ ಇಲ್ಲವೋ. ಇತ್ತು ಎಂದಾದರೆ ಔಷಧಿ, ರಜೆ, ಮರಳಿ ಕೆಲಸ. ಇಲ್ಲ ಎಂದಾದರೆ ಬೇಜವಾಬ್ದಾರಿ, ಮನೆಗೆ. ತನಗೆ ಆರಾಮ್ ಇಲ್ಲವೆಂದು ಬೋಧಕರಿಗೆ ಹೇಳಿದ್ದೆ ಎಂದು ಕೊಟ್ರಸ್ವಾಮಿ ಹೇಳಿದ. ಗುರುಸಂಗಪ್ಪನನ್ನು ಕರೆದರು. ಹುಡುಗ ಒಂದು ಪಕ್ಕಕ್ಕೆ ನಿಂತಿದ್ದ, ಸಾಹೇಬರು ಇನ್ನೊಂದು ಪಕ್ಕಕ್ಕೆ ಕೂತಿದ್ದರು. ಹುಡುಗ ಅವತ್ತು ನಿನಗೆ ಏನು ಹೇಳಿದ ಎಂದು ಕೇಳಿದರು.

“ಆರಾಮ್ ಅಂದಿದ್ದ, ಸಾಬ್,” ಎಂದ ಗುರುಸಂಗಪ್ಪ.

ಸುಳ್ಳಲ್ಲ, ನೋಡಿ. ಆರಾಮ್ ಎಂದೂ ಅಂದಿದ್ದ. ಇಲ್ಲ ಎಂಬುದೊಂದನ್ನು ಇಲ್ಲವಾಗಿಸಿದ, ಅಷ್ಟೆ. ಇದ್ದದ್ದು ಇದ್ದ ಹಾಗೆ ಹೇಳಿದ್ದರೆ, ಇಲ್ಲ ಎಂದದ್ದನ್ನು ಕೇಳಿ ನಕ್ಕವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಆ ವರ್ಷದ ಬಡ್ತಿ ಅವನಿಗೆ ಸಿಕ್ಕಿತು. ಕೊಟ್ರಸ್ವಾಮಿ ಟ್ರಂಕು ಹೊತ್ತು ಇಟ್ಟಿಗಿಗೆ ಬಂದ. ಭಾರ ಅಳೆಯುವ ವಿದ್ಯೆಯನ್ನು ಸಾಹೇಬರು ಇನ್ನೂ ದೊಡ್ಡ ಶಾಲೆಗೆ ಹೊತ್ತುಕೊಂಡು ಹೋದರು.

ಗುರುಸಂಗಪ್ಪ ಪಿಂಚಣಿ ಪಡೆದು ಹಗರಿಬೊಮ್ಮನಹಳ್ಳಿಗೆ ಮರಳಿದ್ದು ಎರಡು ಸಾವಿರದ ಮೂರರಲ್ಲಿ. ನಮ್ಮ ಮನೆಯ ಮಗ್ಗುಲಲ್ಲೇ ಮನೆ ಕಟ್ಟಿಸಿ, ಮುಂದಿನ ಕೋಣೆಯಲ್ಲಿ ಸೈನ್ಯಕ್ಕೆ, ನೌಕಾಪಡೆಗೆ ಸೇರುವ ಹುಡುಗರಿಗೆ ಕೋಚಿಂಗ್ ತೆರೆದ. ಬೆಳಿಗ್ಗೆ ಓಟ, ಆಮೇಲೆ ಗಣಿತ, ಸಂಜೆ ಹಿಂದಿ. ಕೂಡ್ಲಿಗಿಯಿಂದ, ಹರಪನಹಳ್ಳಿಯಿಂದ ಹುಡುಗರು ಬಸ್ಸು ಹಿಡಿದು ಬರುತ್ತಿದ್ದರು. ಜನ ಅವನನ್ನು ನೇವಿ ಸರ್ ಎಂದರು. ನೇವಿಗೂ ನೋವಿಗೂ ಒಂದು ಕೊಂಬಿನ ಅಂತರ ಎಂದು ನಾನೊಮ್ಮೆ ತಮಾಷೆ ಮಾಡಿದಾಗ ಅವನು ನಗಲಿಲ್ಲ. ನಕ್ಕು ಕೆಟ್ಟವನಿಗೆ ನಗೆ ಸುಲಭವಲ್ಲ ಎಂದು ಆಗ ನನಗೆ ತಿಳಿದಿರಲಿಲ್ಲ. ಈ ಕತೆಯ ಬಹುಪಾಲು ಅವನ ಹೆಂಡತಿ ಸುಕನ್ಯಾ ನನಗೆ ಹೇಳಿದ್ದು, ತೀರ ಈಚೆಗೆ.

ಇಟ್ಟಿಗಿಯಲ್ಲಿ ಕೊಟ್ರಸ್ವಾಮಿ ನಿಧಾನಕ್ಕೆ ಸುಧಾರಿಸಿದ್ದ. ಚುಕ್ಕಿಗಳು ಹೋದವು, ನಿದ್ದೆ ಬಂತು. ಪಂಪುಸೆಟ್ಟು ರಿಪೇರಿ ಕಲಿತು ಸುತ್ತಲಿನ ಹಳ್ಳಿಗಳಿಗೆ ಬೇಕಾದವನಾದ. ಹೋಗದೆ ಉಳಿದದ್ದು ಊರವರ ಒಂದೇ ಮಾತು: ದಂಡಿನವರು ಇವನನ್ನು ಯಾಕೆ ಹೊರಗೆ ಹಾಕಿದರು? ಕುಡಿದಿದ್ದ ಎಂದರು ಕೆಲವರು, ಕದ್ದಿದ್ದ ಎಂದರು ಕೆಲವರು. ಬಂದ ಸಂಬಂಧಗಳೆಲ್ಲ ಈ ಪ್ರಶ್ನೆಯ ಹೊಸಿಲು ಎಡವಿ ವಾಪಸಾದವು. ಕೊನೆಗೆ ಹಡಗಲಿಯ ಒಂದು ಮನೆತನ ಒಲಿಯಿತು. ಹುಡುಗಿ ಅರ್ಚನಾಳೂ ಹುಡುಗನನ್ನು ನೋಡಿ ಒಪ್ಪಿದ್ದಳು. ಅವಳ ಸೋದರಮಾವ ಚೌಡಣ್ಣ ಮಾತ್ರ, ನೇವಿ ಸರ್ ಒಂದು ಮಾತು ಹೇಳಲಿ, ಆಮೇಲೆ ವೀಳ್ಯ ಎಂದ. ಹೀಗೆ ಗುರುಸಂಗಪ್ಪನ ಎದುರು ಎರಡನೆಯ ವಿಚಾರಣೆ ಬಂದು ನಿಂತಿತು.

ಚೌಡಣ್ಣ ಬರುವ ಮೊದಲೇ ಶಿವಬಸಮ್ಮ ಬಂದು ಹೋದಳು. ಪಡಸಾಲೆಯ ತುದಿಯಲ್ಲಿ ಕೂತು, ಸುಕನ್ಯಾ ಕೊಟ್ಟ ಚಹಾ ಕುಡಿದು, ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ತನ್ನ ಮಗನ ಪರವಾಗಿ ದೊಡ್ಡ ಮಾತೇನೂ ಬೇಡ. ಹುಡುಗ ಆರೋಗ್ಯವಾಗಿದ್ದ, ಹೊಲ ನೋಡಿಕೊಳ್ಳಲು ಜನವಿಲ್ಲದ್ದಕ್ಕೆ ಬಿಟ್ಟು ಬಂದ, ಅಷ್ಟು ಹೇಳಿದರೆ ಸಾಕು. ಗುರುಸಂಗಪ್ಪ ತಲೆಯಾಡಿಸಿದ, ಮಾತು ಕೊಡಲಿಲ್ಲ. ಅವಳು ಹೋದ ಮೇಲೆ ಹೆಂಡತಿಗೆ, ಇಷ್ಟು ವರ್ಷದ ಮೇಲೆ ಆ ಹುಡುಗನಿಗೆ ಇನ್ನೊಂದು ಸುಳ್ಳು ಅಂಟಿಸಲಾರೆ, ಈ ಸಲ ಖರೆ ಹೇಳುತ್ತೇನೆ ಎಂದ. ಸುಕನ್ಯಾ, ಖರೆಯನ್ನು ಎಲ್ಲಿ ಹೇಳಬೇಕೋ ಅಲ್ಲಿ ಹೇಳಬೇಕು ಎಂದಳಂತೆ. ಗಂಡಸಿಗೆ ಪ್ರಾಯಶ್ಚಿತ್ತದ ಹುಕಿ ಬಂದಾಗ ಹೆಂಡತಿಯ ಮಾತು ಕಿವಿಗೆ ಬೀಳುವುದುಂಟೆ?

ಚೌಡಣ್ಣ ಬಂದ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂತು. ಮಳೆ, ಶೇಂಗಾ ದರ, ಬಸ್ಸಿನ ಗದ್ದಲ ಎಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದ. ಹುಡುಗ ಕುಡಿಯುತ್ತಿದ್ದನೇ? ಇಲ್ಲ. ಕೈ ಶುದ್ಧವೇ? ಚಿನ್ನದಂಥ ಕೈ. ಮತ್ತೆ ಯಾಕೆ ಕಳಿಸಿದರು? ಗುರುಸಂಗಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. ವರ್ಷಗಟ್ಟಲೆ ನುಂಗಿದ್ದು ಬಾಯಿಗೆ ಬಂತು.

“ಅವನ ತಪ್ಪು ಏನೂ ಇಲ್ರಿ ಚೌಡಣ್ಣಾರ. ಪಾಪ, ಮೆಂಟಲ್ ಲೋಡ್ ಬಾಳ ಆಗಿತ್ತು.”

ಚೌಡಣ್ಣನ ಬಾಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. ನಮ್ಮ ಕಡೆ ಇಂಗ್ಲಿಷು ಬರದವರಿಗೂ ಆ ಪದ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ತನ್ನಷ್ಟಕ್ಕೆ ನಗುತ್ತಾ ಕೂರುವವನು ಮೆಂಟಲ್, ಬಟ್ಟೆ ಹರಿದುಕೊಂಡು ಓಡುವವಳು ಮೆಂಟಲ್. ಅದರ ಮುಂದೆ ಲೋಡ್ ಹಚ್ಚಿದರೆ ಮೆಂಟಲ್‌ನಲ್ಲೂ ಒಂದು ಲಾರಿ ತುಂಬ ಎಂದೇ ಅರ್ಥ.

“ಮೆಂಟಲ್ ಅಂದ್ರಿ?” ಎಂದ ಚೌಡಣ್ಣ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಬೋಧಕನಾಗಿದ್ದವನಿಗೆ ಬಿಡಿಸಿ ಹೇಳುವ ಚಟ. ಹಾಗಲ್ಲ, ತಲೆಗೆ ದಣಿವು, ಎಲ್ಲೆಲ್ಲೂ ಚುಕ್ಕಿ ಕಾಣುತ್ತಿದ್ದವು, ಚಪಾತಿಯ ಮೇಲೂ ಚುಕ್ಕಿ ಎಣಿಸುತ್ತಿದ್ದ, ಯಾವುದು ನಿಜ ಯಾವುದು ಸುಳ್ಳು ಎಂದು ತಿಳಿಯುತ್ತಿರಲಿಲ್ಲ ಎಂದ. ಈಗ ಪೂರಾ ಗುಣವಾಗಿದೆ ಎಂದೂ ಸೇರಿಸಿದ. ಪ್ರತಿ ಮಾತಿಗೂ ಚೌಡಣ್ಣ ಹೌದ್ರೀ, ಹೌದ್ರೀ ಎನ್ನುತ್ತಾ ಚಪ್ಪಲಿಯ ಕಡೆ ಸರಿಯುತ್ತಿದ್ದ. ಅಷ್ಟೆಲ್ಲ ಖರೆ ಹೇಳಿದವನು ಒಂದನ್ನು ಬಿಟ್ಟ. ಆ ದಿನ ವಿಚಾರಣೆಯಲ್ಲಿ ತಾನು ಏನು ಹೇಳಿದೆ ಎಂಬುದು ಅವನ ಬಾಯಿಗೆ ಬರಲಿಲ್ಲ. ಹುಡುಗನ ಖರೆಯನ್ನೆಲ್ಲ ಬಿಚ್ಚಿ ಹರವಿ, ತನ್ನದನ್ನು ಮಡಚಿ ಇಟ್ಟುಕೊಂಡ.

ಸಂಬಂಧ ಮುರಿಯಿತು. ವಾರ ಕಳೆಯುವುದರೊಳಗೆ ಇಟ್ಟಿಗಿಯಲ್ಲೂ ಮಾತು ಹಬ್ಬಿತು. ಪಂಪುಸೆಟ್ಟು ಕೆಟ್ಟರೆ ಮೆಂಟಲ್‌ಗೆ ಹೇಳಿ ಕಳಿಸು ಎನ್ನತೊಡಗಿದರು. ಕುಡುಕ, ಕಳ್ಳ ಎಂದಾಗ ಮದುವೆ ಕಷ್ಟವಿತ್ತು, ಈಗ ಸಾಧ್ಯವೇ ಇಲ್ಲದಂತಾಯಿತು. ಕುಡುಕನಿಗೆ ಹೆಣ್ಣು ಕೊಡುವ ಜನ ನಾವು, ದಣಿದವನಿಗೆ ಕೊಡುವುದಿಲ್ಲ.

ಶಿವಬಸಮ್ಮ ಮತ್ತೆ ಬಂದಳು. ಈ ಸಲ ಕೂರಲಿಲ್ಲ, ಚಹಾ ಬೇಡವೆಂದಳು. ಗುರುಸಂಗಪ್ಪ ಎದ್ದು ನಿಂತು, ಒಳ್ಳೆಯದಕ್ಕೇ ಹೇಳಿದೆ, ಖರೆಯನ್ನೇ ಹೇಳಿದೆ ಎಂದು ಶುರು ಮಾಡಿದ. ಅವಳು ಕೈ ಎತ್ತಿ ತಡೆದಳು.

“ಅವತ್ತು ವಿಚಾರಣಿಯಾಗ ನೀವು ಏನಂದ್ರಿ ಅನ್ನೋದು ನನಗ ಗೊತ್ತೈತ್ರಿ. ಕೊಟ್ರಾ ಊರಿಗೆ ಬಂದ ದಿನಾನ ಹೇಳ್ಯಾನ. ಗೊತ್ತಿದ್ದೂ ನಿಮ್ಮ ಮನಿ ಬಾಗಿಲಿಗೆ ಬಂದಿದ್ದೆ, ಇದೊಂದು ಸಲ ಹೇಳ್ಲಿ ಅಂತ.” ಸೆರಗು ಸರಿ ಮಾಡಿಕೊಂಡಳು. “ಅಲ್ಲಿ ಹೇಳೋದನ್ನ ಇಲ್ಲಿ ಹೇಳಿದ್ರಿ. ಇಲ್ಲಿ ಹೇಳೋದನ್ನ ಅಲ್ಲಿ ಹೇಳಿದ್ರಿ. ನಿಮ್ಮ ಬಾಯಿಂದ ನಮಗ ಖರೆನೂ ದಕ್ಕಲಿಲ್ಲ, ಸುಳ್ಳೂ ದಕ್ಕಲಿಲ್ಲ ಬಿಡ್ರಿ.”

ಅವಳು ಬೀದಿಯ ತಿರುವು ದಾಟುವವರೆಗೂ ಗುರುಸಂಗಪ್ಪ ನಿಂತೇ ಇದ್ದನಂತೆ. ಮರುದಿನ ಕೋಚಿಂಗ್ ಬಿಟ್ಟು ಮೊದಲ ಬಸ್ಸಿಗೇ ಹಡಗಲಿಗೆ ಹೋದ. ಚೌಡಣ್ಣ ಮರ್ಯಾದೆಯಿಂದಲೇ ಒಳಗೆ ಕರೆದ. ಗುರುಸಂಗಪ್ಪ ಈ ಸಲ ಏನನ್ನೂ ಮಡಚಿ ಇಡಲಿಲ್ಲ. ಸಾಹೇಬರ ನಗು, ತನ್ನ ನಗು, ಬಡ್ತಿ, ವಿಚಾರಣೆಯಲ್ಲಿ ತಾನು ನುಂಗಿದ ಆ ಒಂದು ಪದ, ಎಲ್ಲ ಹೇಳಿದ. ತಪ್ಪು ತನ್ನದು, ಹುಡುಗನ ತಲೆ ಎಲ್ಲರ ತಲೆಯಷ್ಟೇ ಗಟ್ಟಿ ಎಂದ.

ಚೌಡಣ್ಣ ಪೂರಾ ಕೇಳಿದ. ನೇವಿ ಸರ್ ಇಷ್ಟು ದೊಡ್ಡ ಮನಸ್ಸಿನವರು, ಕಲಿಸಿದ ಹುಡುಗನ ಮರ್ಯಾದೆ ಉಳಿಸಲು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದು ಒಳಗಿದ್ದ ಹೆಂಗಸರಿಗೂ ಕೇಳುವಂತೆ ಹೊಗಳಿದ. ಅರ್ಚನಾಳನ್ನು ಕೊಟ್ಟೂರಿನ ಗೊಬ್ಬರದ ಅಂಗಡಿಯವರಿಗೆ ಮಾತಾಡಿ ಮುಗಿಸಿದ್ದೇವೆ, ತಪ್ಪು ತಿಳಿಯಬೇಡಿ ಎಂದ. ಆಮೇಲೆ ಒಳಗಿನಿಂದ ತನ್ನ ಮಗನನ್ನು ಕರೆದು ಕಾಲಿಗೆ ಬೀಳಿಸಿ, ಪಿಯುಸಿ ಮುಗಿದಿದೆ, ನಿಮ್ಮ ಕೋಚಿಂಗಿಗೆ ಸೇರಿಸಿಕೊಳ್ಳಿ, ನಿಮ್ಮಂಥವರ ಕೈಯಲ್ಲಿ ಬಿದ್ದರೆ ಹುಡುಗ ಉದ್ಧಾರವಾಗುತ್ತಾನೆ ಎಂದು ಕೇಳಿಕೊಂಡ.

ಗುರುಸಂಗಪ್ಪ ಹ್ಞೂಂ ಎಂದ. ಹುಡುಗ ಸೋಮವಾರದಿಂದ ಬರತೊಡಗಿದ.